ಕ್ರಯಕ್ಕೆ ಹೊರತಾದ ಆರು ಗುಂಟೆ

ವಕೀಲರು: ಮೇಷ್ಟ್ರೇ, ಒಂದು ಮನೆತನದ ಸ್ಮಶಾನಕ್ಕೆ ಬರೆಯುವಂಥ ಇತಿಹಾಸ ಏನಿರುತ್ತದೆ ಹೇಳಿ. ಯಾರು ಯಾವಾಗ ತೀರಿಕೊಂಡರು, ಯಾರ ಪಕ್ಕಕ್ಕೆ ಯಾರನ್ನು ಮಣ್ಣು ಮಾಡಿದರು, ಅಷ್ಟೇ ತಾನೆ? ಅದನ್ನೆಲ್ಲ ಕಲ್ಲಿನ ಮೇಲೇ ಕೆತ್ತಿರುತ್ತಾರೆ, ಹೋಗಿ ಓದಿಕೊಂಡರಾಯಿತು. ನೀವು ನೋಡಿದರೆ ಅಮೆರಿಕದ ವರ್ಜೀನಿಯಾದಲ್ಲಿ, ಮಾಂಟಿಚೆಲ್ಲೊ ಗುಡ್ಡದ ಮೇಲಿರುವ ಜೆಫರ್ಸನ್ ಮನೆತನದ ಸ್ಮಶಾನವನ್ನು ಹಿಡಿದುಕೊಂಡು ಕೂತಿದ್ದೀರಿ. ಆ ದೇಶದ ಮೂರನೆಯ ಅಧ್ಯಕ್ಷ ಅಲ್ಲಿ ಮಲಗಿದ್ದಾನೆ ಅನ್ನುವುದೊಂದನ್ನು ಬಿಟ್ಟರೆ, ಆ ಕಡೆಯ ಹಳ್ಳಿಗಾಡಿನ ಉಳಿದ ಸ್ಮಶಾನಗಳ ಹಾಗೇ ಅದೂ ಇದೆಯಲ್ಲ. ಒಂದು ಬೇಲಿ, ಒಂದು ಗೇಟು, ಒಂದಷ್ಟು ಕಲ್ಲು.

ಮೇಷ್ಟ್ರು: ಹಾಗೇ ಇರುವುದರಿಂದಲೇ ಅದನ್ನು ಹಿಡಿದದ್ದು ವಕೀಲರೇ. ಅಧ್ಯಕ್ಷನ ಮನೆ ಅನ್ನುವ ಕಾರಣಕ್ಕೆ ಅದರ ಕಾಗದಪತ್ರ ಉಳಿದಿವೆ. ಉಳಿದವರದು ಇಷ್ಟು ಉಳಿದಿಲ್ಲ. ವರ್ಜೀನಿಯಾದಲ್ಲಿ ತಂಬಾಕು ಬೆಳೆಯುವ ಎಸ್ಟೇಟುಗಳು ಒಂದಕ್ಕೊಂದು ದೂರ, ಚರ್ಚು ಇನ್ನೂ ದೂರ. ಇಂಗ್ಲೆಂಡಿನಲ್ಲಿ ಚರ್ಚಿನ ಅಂಗಳದಲ್ಲಿ ಹೂಳುತ್ತಿದ್ದವರ ಮಕ್ಕಳು ಮೊಮ್ಮಕ್ಕಳು ಇಲ್ಲಿ ತಂತಮ್ಮ ತೋಟದಲ್ಲೇ ಹೂಳತೊಡಗಿದರು. 1724ರಲ್ಲಿ ಈ ವಸಾಹತಿನ ಬಗ್ಗೆ ಪುಸ್ತಕ ಬರೆದ ಪಾದ್ರಿ ಹ್ಯೂ ಜೋನ್ಸ್, ಇಡೀ ಕುಟುಂಬಗಳು ಬೇಲಿಯೊಳಗೆ ನಿತ್ಯಹಸಿರಿನ ಗಿಡಗಳ ನಡುವೆ ಒಟ್ಟಿಗೆ ಮಲಗಿರುವುದನ್ನು ಆಗಲೇ ಗುರುತಿಸಿದ್ದ. ಮಾಂಟಿಚೆಲ್ಲೊದಲ್ಲಿ ಇದು ಶುರುವಾದದ್ದು 1773ರ ಮೇ ತಿಂಗಳಲ್ಲಿ. ಜೆಫರ್ಸನ್‌ನ ಬಾಲ್ಯದ ಗೆಳೆಯ, ತಂಗಿಯ ಗಂಡ ಡಾಬ್ನಿ ಕಾರ್ ಇಪ್ಪತ್ತೊಂಬತ್ತಕ್ಕೇ ತೀರಿಕೊಂಡ. ಇಬ್ಬರಲ್ಲಿ ಮೊದಲು ಸತ್ತವನನ್ನು ಗುಡ್ಡದ ಮೇಲಿನ ಆ ಓಕ್ ಮರದ ಕೆಳಗೆ ಹೂಳಬೇಕು ಎಂದು ಹುಡುಗರಾಗಿದ್ದಾಗ ಮಾತಾಗಿತ್ತಂತೆ. ಇದು ಎಲ್ಲರೂ ಹೇಳುವ ಕತೆ, ಚೆನ್ನಾಗಿಯೂ ಇದೆ. ಆದರೆ ಆ ಸ್ಮಶಾನದ ಮೊದಲ ದಾಖಲೆ ಗೆಳೆತನದ ಬಗ್ಗೆ ಒಂದಕ್ಷರವನ್ನೂ ಹೇಳುವುದಿಲ್ಲ. ಜೆಫರ್ಸನ್ ತನ್ನ ತೋಟದ ಪುಸ್ತಕದಲ್ಲಿ ಬರೆದುಕೊಂಡದ್ದು ಇಷ್ಟು: ಉದ್ದಗಲ 80 ಅಡಿಯ ಸ್ಮಶಾನದ ಜಾಗವನ್ನು, ಅಂದರೆ ಎಕರೆಯ ಏಳನೇ ಒಂದು ಭಾಗವನ್ನು, ಎರಡಾಳು ಮೂರೂವರೆ ಗಂಟೆಯಲ್ಲಿ ಬೇರುಬುಡ ಕಿತ್ತು ಹಸನು ಮಾಡಿದರು, ಒಂದೇ ಆಳಾದರೆ ಏಳು ಗಂಟೆ, ಆ ಲೆಕ್ಕದಲ್ಲಿ ಎಕರೆಗೆ 49 ಗಂಟೆ, ಅಂದರೆ ನಾಲ್ಕು ದಿನ. ನಮ್ಮ ಅಳತೆಗೆ ಆ ಜಾಗ ಹೆಚ್ಚುಕಡಿಮೆ ಆರು ಗುಂಟೆ. ಆ ಎರಡಾಳಿನ ಹೆಸರು ಅಲ್ಲಿಲ್ಲ.

ವಕೀಲರು: ಇದರಲ್ಲಿ ತಪ್ಪು ಹುಡುಕಬೇಡಿ. ಜಮೀನಿರುವ ಯಾವ ಮನುಷ್ಯನೂ ಎಷ್ಟು ಆಳಿಗೆ ಎಷ್ಟು ಕೆಲಸ ಆಯಿತು ಅಂತ ಬರೆದಿಟ್ಟುಕೊಳ್ಳುತ್ತಾನೆ. ದುಃಖದಲ್ಲಿರುವವನು ಲೆಕ್ಕಕ್ಕೆ ತಲೆಕೊಡುವುದೂ ಉಂಟು, ಅದೊಂದು ರೀತಿಯ ಸಮಾಧಾನ. ಆಳುಗಳ ಹೆಸರು ಬರೆಯಲಿಲ್ಲ ಅನ್ನುವುದರಿಂದ ನೀವು ಏನನ್ನು ಸಾಧಿಸಹೊರಟಿದ್ದೀರಿ?

ಮೇಷ್ಟ್ರು: ಲೆಕ್ಕ ಬರೆದದ್ದು ತಪ್ಪು ಅನ್ನುತ್ತಿಲ್ಲ. ಆ ಲೆಕ್ಕ ಉಳಿಯಿತು, ಅದು ಏನನ್ನು ಎಣಿಸಿತೋ ಅದು ಇತಿಹಾಸವಾಯಿತು ಅನ್ನುತ್ತಿದ್ದೇನೆ. ನನ್ನ ವಾದ ಚಿಕ್ಕದು. ಮನೆತನದ ಸ್ಮಶಾನವನ್ನು ಕಾಪಾಡಿಕೊಂಡು ಬರುವುದು ಕಲ್ಲು ಅಂತ ನಾವು ತಿಳಿದಿದ್ದೇವೆ. ನಿಜವಾಗಿ ಕಾಪಾಡುವುದು ಕಾಗದ. ಆ ಕಾಗದ ಬರೆಯುವ ಹಕ್ಕು ಯಾರಿಗಿತ್ತೋ ಅವರ ಸತ್ತವರು ಮನೆತನದವರಾದರು, ಮಿಕ್ಕವರು ಮಣ್ಣಾದರು. ಹಾಗಾಗಿ ಬೇಲಿಯೊಳಗಿನ ಕಲ್ಲುಗಳನ್ನಷ್ಟೇ ಓದಿ ಆ ಸ್ಮಶಾನದ ಇತಿಹಾಸ ಬರೆದರೆ ಅರ್ಧ ಕಡತ ಓದಿ ತೀರ್ಪು ಕೊಟ್ಟಂತಾಗುತ್ತದೆ. ಇಂದಿನ ನೀತಿಯನ್ನು ಅಂದಿನವರ ಮೇಲೆ ಹೇರುತ್ತಿದ್ದೀರಿ ಅಂತ ನೀವು ಅನ್ನುವ ಮೊದಲೇ ಇನ್ನೊಂದು ಕಾಗದ ತೋರಿಸಿಬಿಡುತ್ತೇನೆ. ಕಾರ್ ಸಾಯುವುದಕ್ಕೆ ಎರಡು ವರ್ಷ ಮೊದಲು, 1771ರಲ್ಲಿ, ಜೆಫರ್ಸನ್ ತನ್ನ ಲೆಕ್ಕದ ಪುಸ್ತಕದಲ್ಲಿ ಒಂದು ಸ್ಮಶಾನದ ಕಲ್ಪನೆ ಬರೆದಿದ್ದಾನೆ. ಜನ ಓಡಾಡದ ಕಣಿವೆ, ಹಳೆಯ ಓಕ್ ಮರಗಳು, ನಡುವೆ ಗಾಥಿಕ್ ಶೈಲಿಯ ಸಣ್ಣ ಗುಡಿ. ಜಾಗದ ಅರ್ಧ ತನ್ನ ಕುಟುಂಬಕ್ಕೆ. ಇನ್ನರ್ಧ ಪರಸ್ಥಳದವರಿಗೆ, ಸೇವಕರಿಗೆ. ನೆಚ್ಚಿನ ಸೇವಕನೊಬ್ಬನ ಗೋರಿಯ ಮೇಲೆ ಒರಟು ಕಲ್ಲಿನ ಪಿರಮಿಡ್ಡು ಕಟ್ಟಬಹುದು ಅಂತಲೂ ಇದೆ. ವರ್ಜೀನಿಯಾದ ದೊಡ್ಡ ಮನೆಗಳಲ್ಲಿ ಸೇವಕರು ಅಂದರೆ ಗುಲಾಮರು. ಅವರನ್ನು ಒಳಗೆ ಸೇರಿಸಿಕೊಳ್ಳುವುದು ಆ ಕಾಲದ ಮನುಷ್ಯನಿಗೆ ಹೊಳೆಯಲಾರದ ವಿಚಾರವೇನೂ ಆಗಿರಲಿಲ್ಲ ಅನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ವಕೀಲರು: ಇಪ್ಪತ್ತೆಂಟರ ಯುವಕ ಪುಸ್ತಕದ ಅಂಚಿನಲ್ಲಿ ಕಂಡ ಕನಸನ್ನು ಕರಾರು ಮಾಡಿಬಿಟ್ಟಿರಿ! ಗುಡಿಯೂ ಕಟ್ಟಲಿಲ್ಲ, ಪಿರಮಿಡ್ಡೂ ಕಟ್ಟಲಿಲ್ಲ. ಮನುಷ್ಯ ನೂರು ಯೋಚಿಸುತ್ತಾನೆ, ಕೈಗೂಡುವುದು ಹತ್ತು. ಕೈಗೂಡದ ತೊಂಬತ್ತಕ್ಕೆ ಅವನನ್ನು ಕಟಕಟೆಗೆ ನಿಲ್ಲಿಸುವ ನ್ಯಾಯಾಲಯ ನಾನಂತೂ ಕಂಡಿಲ್ಲ.

ಮೇಷ್ಟ್ರು: ಕಟಕಟೆಗೆ ಬೇಡ. ಆದರೆ ಗುಡಿ ಬಿಟ್ಟುಹೋದಾಗ ಓಕ್ ಮರ ಉಳಿಯಿತು, ಕುಟುಂಬದ ಅರ್ಧ ಉಳಿಯಿತು. ಬಿಟ್ಟುಹೋದದ್ದು ಖರ್ಚಿನ ಭಾಗ ಮತ್ತು ಆ ಇನ್ನರ್ಧ. ಮುಂದಿನ ಐವತ್ತು ವರ್ಷದಲ್ಲಿ ಬೇಲಿಯೊಳಗೆ ಬಂದವರನ್ನು ನೋಡಿ: 1776ರಲ್ಲಿ ತಾಯಿ ಜೇನ್, 1782ರಲ್ಲಿ ಹೆಂಡತಿ ಮಾರ್ತಾ, 1804ರಲ್ಲಿ ಮಗಳು ಮರಾಯಾ. ಇದೇ ಅವಧಿಯಲ್ಲಿ ಅದೇ ಗುಡ್ಡದಲ್ಲಿ ದುಡಿದ ಗುಲಾಮರು ನಾನೂರಕ್ಕೂ ಹೆಚ್ಚು. ಜೆಫರ್ಸನ್ ತನ್ನ ಜೀವಮಾನದಲ್ಲಿ ಒಟ್ಟು 607 ಮಂದಿಯ ಒಡೆಯನಾಗಿದ್ದ. ಅವರೂ ಸತ್ತರು, ಅವರನ್ನೂ ಎಲ್ಲೋ ಹೂಳಿದರು. ಆ ‘ಎಲ್ಲೋ’ ಯಾವುದು ಅನ್ನುವುದು 20ನೇ ಶತಮಾನ ಮುಗಿಯುವವರೆಗೂ ಯಾವ ನಕ್ಷೆಯಲ್ಲೂ ಇರಲಿಲ್ಲ. ಇನ್ನು 1826ರ ಜುಲೈ 4ಕ್ಕೆ ಬನ್ನಿ. ಸ್ವಾತಂತ್ರ್ಯ ಘೋಷಣೆಗೆ ಸರಿಯಾಗಿ ಐವತ್ತು ವರ್ಷ ತುಂಬಿದ ದಿನ ಜೆಫರ್ಸನ್ ತೀರಿಕೊಂಡ. ಶವಪೆಟ್ಟಿಗೆ ಮಾಡಿದವನು ಜಾನ್ ಹೆಮಿಂಗ್ಸ್, ಗುಂಡಿ ತೋಡಿದವನು ತೋಟದ ಮುಖ್ಯಸ್ಥ ವರ್ಮ್ಲಿ ಹ್ಯೂಸ್. ಇಬ್ಬರೂ ಗುಲಾಮರು, ಇಬ್ಬರೂ ಎಲಿಜಬೆತ್ ಹೆಮಿಂಗ್ಸ್ ಎಂಬ ಒಬ್ಬಳೇ ಹೆಂಗಸಿನ ಸಂತಾನ; ಒಬ್ಬ ಮಗ, ಇನ್ನೊಬ್ಬ ಮೊಮ್ಮಗ. ಆರು ತಿಂಗಳಿಗೆ, 1827ರ ಜನವರಿಯಲ್ಲಿ, ಒಂದು ಲಕ್ಷ ಡಾಲರ್ ಮೀರಿದ ಸಾಲ ತೀರಿಸಲು ಗುಡ್ಡದ ಮೇಲೆ ಹರಾಜು ನಡೆಯಿತು. ಪೀಠೋಪಕರಣ, ದನಕರು, ಜೊತೆಗೆ 130 ಮಂದಿ ಗುಲಾಮರು. ವರ್ಮ್ಲಿಯನ್ನು ಜೆಫರ್ಸನ್‌ನ ಮಗಳು ಬಿಡುಗಡೆ ಮಾಡಿದ್ದಳು. ಅವನ ಹೆಂಡತಿ ಅರ್ಸುಲಾಳನ್ನೂ ಮಕ್ಕಳನ್ನೂ ಅದೇ ಹರಾಜಿಗೆ ಹಾಕಿದರು.

ವಕೀಲರು: ಸಂಕಟದ ಸಂಗತಿ, ಒಪ್ಪಿದೆ. ಆದರೆ ವಿಷಯಕ್ಕೆ ಬನ್ನಿ. ಸ್ಮಶಾನ ಉಳಿದದ್ದು ಕಾಗದದಿಂದ ಅಂದಿರಿ. ಕಲ್ಲಿಗೇನು ಪಾತ್ರವೇ ಇಲ್ಲವೇ? ಅಧ್ಯಕ್ಷಗಿರಿಯನ್ನೇ ಬಿಟ್ಟು ಮೂರೇ ಮೂರು ಸಂಗತಿ ಬರೆಸಿಕೊಂಡ ಆ ಕಲ್ಲನ್ನು ನೋಡಲು ಜನ ಇವತ್ತಿಗೂ ಹೋಗುತ್ತಾರಲ್ಲ.

ಮೇಷ್ಟ್ರು: ಈಗ ಅಲ್ಲಿಗೆ ಹೋದವರು ನೋಡುವುದು ಆ ಕಲ್ಲನ್ನೇ ಅಲ್ಲ! ಸ್ವಾತಂತ್ರ್ಯ ಘೋಷಣೆ, ವರ್ಜೀನಿಯಾದ ಧಾರ್ಮಿಕ ಸ್ವಾತಂತ್ರ್ಯದ ಕಾಯಿದೆ, ವರ್ಜೀನಿಯಾ ವಿಶ್ವವಿದ್ಯಾಲಯ, ಈ ಮೂರನ್ನು ಬಿಟ್ಟು ಬೇರೇನೂ ಕೆತ್ತಬಾರದು ಅಂದವನು ಇನ್ನೊಂದು ಮಾತನ್ನೂ ಬರೆದಿಟ್ಟಿದ್ದ: ಕಲ್ಲು ಒರಟಾಗಿರಲಿ, ಬೆಲೆಬಾಳುವ ಕಲ್ಲಾದರೆ ಮುಂದೆ ಯಾರಾದರೂ ಅದರ ಆಸೆಗೆ ಕೆಡವಿಯಾರು ಅಂತ. ಲೋಕಾನುಭವದ ಮಾತು. ಆದರೂ ನಡೆದದ್ದೇ ಬೇರೆ. 1833ರಲ್ಲಿ ನಿಂತ ಆ ಒರಟು ಕಂಬವನ್ನು ಕಲ್ಲಿನ ಬೆಲೆಗೆ ಯಾರೂ ಮುಟ್ಟಲಿಲ್ಲ. ಹೆಸರಿನ ಬೆಲೆಗೆ ಮುಟ್ಟಿದರು. ನೆನಪಿಗೆ ಇರಲಿ ಅಂತ ಬಂದವರೆಲ್ಲ ಒಂದೊಂದು ಚೂರು ಕೆತ್ತಿಕೊಂಡು ಹೋದರು. ಕೊನೆಗೆ 1882ರಲ್ಲಿ ಅಮೆರಿಕದ ಸಂಸತ್ತು ಹತ್ತು ಸಾವಿರ ಡಾಲರ್ ಮಂಜೂರು ಮಾಡಿ, ಮೊದಲಿನದಕ್ಕಿಂತ ಬಹಳ ದೊಡ್ಡದಾದ ಹೊಸ ಕಂಬ ನಿಲ್ಲಿಸಬೇಕಾಯಿತು. ಹಳೆಯದನ್ನು ಮಿಸೌರಿ ವಿಶ್ವವಿದ್ಯಾಲಯ ಕೇಳಿ ಪಡೆಯಿತು; ಇವತ್ತು ಅದು ಕೊಲಂಬಿಯಾ ಊರಿನ ಆ ಕ್ಯಾಂಪಸ್ಸಿನಲ್ಲಿದೆ. ಕಲ್ಲೇ ಸ್ಮಶಾನವಾಗಿದ್ದಿದ್ದರೆ ಅದು ಎದ್ದು ಮಿಸೌರಿಗೆ ಹೋಗಿರಬೇಕಿತ್ತು. ಉಳಿದದ್ದು ಜಾಗ, ಆ ಜಾಗದ ಮೇಲಿನ ಹಕ್ಕು. ಅದು ಹೇಗೆ ಉಳಿಯಿತು ಅನ್ನುವುದನ್ನು ನೀವೇ ಹೇಳಿ; ಅದು ನಿಮ್ಮ ಶಾಸ್ತ್ರ.

ವಕೀಲರು: ಹೇಳುತ್ತೇನೆ, ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. 1831ರಲ್ಲಿ ಮನೆಯನ್ನೂ ಸುತ್ತಲಿನ ಜಮೀನನ್ನೂ ಜೇಮ್ಸ್ ಬಾರ್ಕ್ಲೆ ಎಂಬವನಿಗೆ ಮಾರುವಾಗ ಸ್ಮಶಾನವನ್ನು ಕ್ರಯದಿಂದ ಹೊರತುಪಡಿಸಿದರು. ನಮ್ಮ ಕ್ರಯಪತ್ರಗಳಲ್ಲೂ ಬರುತ್ತದಲ್ಲ, ಚಕ್ಕುಬಂದಿ ಎಲ್ಲ ಹೇಳಿ, ಈ ಪೈಕಿ ಇಂಥ ಜಾಗ ಬಿಟ್ಟು ಅಂತ. ಅಷ್ಟು ಬರೆದರೆ ಸುತ್ತಲಿನ ಜಮೀನು ನೂರು ಕೈ ಬದಲಾದರೂ ಆ ತುಂಡು ಮಾರಿದವನ ವಂಶದಲ್ಲೇ ನಿಲ್ಲುತ್ತದೆ, ಹೋಗಿಬರುವ ದಾರಿಯ ಹಕ್ಕಿಗೂ ಅದೇ ಬುನಾದಿ. 1834ರಲ್ಲಿ ಬಾರ್ಕ್ಲೆಯಿಂದ ಕೊಂಡ ನೌಕಾಪಡೆಯ ಅಧಿಕಾರಿ ಯುರಾಯಾ ಲೆವಿಗೂ ಅದು ಅನ್ವಯವಾಯಿತು, 1923ರಲ್ಲಿ ಲೆವಿಯ ಮನೆಯವರಿಂದ ಐದು ಲಕ್ಷ ಡಾಲರಿಗೆ ಕೊಂಡ ಪ್ರತಿಷ್ಠಾನಕ್ಕೂ ಅನ್ವಯವಾಯಿತು. ಇಲ್ಲಿಯವರೆಗೆ ನಿಮ್ಮ ವಾದ ಸರಿ. ಆದರೆ ಲೆವಿಯ ಹೆಸರು ಬಂತಲ್ಲ, ನಿಮ್ಮ ವಾದ ಎಡವುವುದೂ ಅಲ್ಲೇ. ಅವನ ತಾಯಿ ರೇಚಲ್ ಲೆವಿ 1839ರಲ್ಲಿ ತೀರಿಕೊಂಡಾಗ ಅದೇ ಗುಡ್ಡದಲ್ಲಿ ಮಲ್ಬರಿ ರೋ ಎಂಬ ಸಾಲುದಾರಿಯ ಪಕ್ಕ ಹೂಳಿದರು. ಆ ಗೋರಿಗೆ ಪ್ರತ್ಯೇಕ ಕಾಗದವಿಲ್ಲ, ಅದನ್ನು ಹೊರತುಪಡಿಸಿ ಯಾರೂ ಕ್ರಯ ಮಾಡಲಿಲ್ಲ. ಆದರೂ ಇವತ್ತಿಗೂ ಇದೆ. ಏಕೆ? ಕಲ್ಲಿದೆ, ಅದಕ್ಕೆ.

ಮೇಷ್ಟ್ರು: ಸರಿಯಾದ ಜಾಗಕ್ಕೇ ಕೈ ಹಾಕಿದಿರಿ, ನನ್ನ ಮಾತನ್ನು ಸ್ವಲ್ಪ ತಿದ್ದಿಕೊಳ್ಳುತ್ತೇನೆ. ಸ್ಮಶಾನಕ್ಕೇ ಪ್ರತ್ಯೇಕ ಕಾಗದ ಇರಬೇಕೆಂದಿಲ್ಲ, ಅದರ ಪರವಾಗಿ ಕೇಳುವವರ ಕೈಯಲ್ಲಿ ಕಾಗದ ಇದ್ದರೆ ಸಾಕು. ರೇಚಲ್ ಲೆವಿಯ ಮಗ ಆ ಗುಡ್ಡದ ಒಡೆಯ, ಆಮೇಲೆ ಒಡೆಯನಾದವನು ಅವಳ ಮೊಮ್ಮಗ. 1923ರವರೆಗೆ ಆ ಗೋರಿ ಹೆಚ್ಚುಕಡಿಮೆ ಸ್ವಂತದವರ ಜಮೀನಿನಲ್ಲೇ ಇತ್ತು. ಆಮೇಲೆ ಬಂದ ಪ್ರತಿಷ್ಠಾನ ಅವಳ ಹೆಸರಿದ್ದ ಕಲ್ಲನ್ನು ಕಡೆಗಣಿಸುವ ಸಂದರ್ಭವೂ ಇರಲಿಲ್ಲ. ಆ ಮಲ್ಬರಿ ರೋ ಯಾವುದು ಗೊತ್ತೇ? ಜೆಫರ್ಸನ್‌ನ ಕಾಲದಲ್ಲಿ ಗುಲಾಮರ ಗುಡಿಸಲು, ಕಮ್ಮಾರಸಾಲೆ, ಬಡಗಿಯ ಕಾರ್ಖಾನೆ ಇದ್ದ ಸಾಲು. ಜಾನ್ ಹೆಮಿಂಗ್ಸ್ ಕೆಲಸ ಮಾಡಿದ್ದು ಅಲ್ಲೇ. ಅಂತೂ ಒಂದೇ ಗುಡ್ಡದಲ್ಲಿ ಮೂರು ಬಗೆಯ ಸಮಾಧಿ ಆಯಿತು: ಕಾಗದ, ಕಲ್ಲು ಎರಡೂ ಇರುವ ಜೆಫರ್ಸನ್ ಸ್ಮಶಾನ, ಒಡೆಯರ ಆಸ್ತಿಯೊಳಗೆ ಕಲ್ಲಿನ ಬಲದಿಂದ ನಿಂತ ರೇಚಲ್ ಲೆವಿಯ ಗೋರಿ, ಎರಡೂ ಇಲ್ಲದ ಗುಲಾಮರ ಸ್ಮಶಾನ. ಮೂರನೆಯದಕ್ಕೆ ಕಾಗದ ಇರಲಿಲ್ಲ ಅನ್ನುವುದು ಯಾರದೋ ಅಲಕ್ಷ್ಯದಿಂದ ಆದದ್ದಲ್ಲ. ಅಲ್ಲಿನ ಕಾನೂನಿನಲ್ಲಿ ಗುಲಾಮನಿಗೆ ಆಸ್ತಿ ಹೊಂದುವ ಹಕ್ಕಿರಲಿಲ್ಲ, ಅವನ ಮದುವೆಗೆ ಕಾನೂನಿನ ಮಾನ್ಯತೆ ಇರಲಿಲ್ಲ. ಜಮೀನಿಲ್ಲ, ಕಾನೂನಿನ ಲೆಕ್ಕದಲ್ಲಿ ಕುಟುಂಬವೂ ಇಲ್ಲ. ಮನೆತನದ ಸ್ಮಶಾನ ಆಗಬೇಕಾದರೆ ಬೇಕಾದ ಎರಡನ್ನೂ ಮೊದಲೇ ಕಿತ್ತುಕೊಂಡಾಗಿತ್ತು.

ವಕೀಲರು: ಹಾಗಾದರೆ ಜೆಫರ್ಸನ್‌ನ ಮಾತನ್ನೇ ನಿಮಗೆ ಎದುರು ಇಡುತ್ತೇನೆ. 1789ರ ಸೆಪ್ಟೆಂಬರ್ 6ರಂದು ಪ್ಯಾರಿಸ್ಸಿನಿಂದ ಜೇಮ್ಸ್ ಮ್ಯಾಡಿಸನ್‌ಗೆ ಬರೆದ ಕಾಗದದಲ್ಲಿ, ಭೂಮಿ ಬದುಕಿರುವವರ ಅನುಭೋಗಕ್ಕೆ ಸೇರಿದ್ದು, ಸತ್ತವರಿಗೆ ಅದರ ಮೇಲೆ ಅಧಿಕಾರವೂ ಇಲ್ಲ ಹಕ್ಕೂ ಇಲ್ಲ ಅಂತ ವಾದಿಸಿದ್ದಾನೆ. ಈ ತರ್ಕ ಹಿಡಿದರೆ ಯಾವ ಸ್ಮಶಾನಕ್ಕೂ ಶಾಶ್ವತ ಹಕ್ಕು ಕೊಡಬಾರದು, ಅವನದಕ್ಕೂ ಕೊಡಬಾರದು. ಕೆಲವು ತಲೆಮಾರು ಕಳೆದ ಮೇಲೆ ಎಲ್ಲವೂ ಮತ್ತೆ ಹೊಲವಾಗಬೇಕು. ಆಗ ಗುಲಾಮರ ಸ್ಮಶಾನ ಕಳೆದುಹೋಯಿತು ಅನ್ನುವ ನಿಮ್ಮ ಅಳಲಿಗೂ ನೆಲೆ ಇರುವುದಿಲ್ಲ.

ಮೇಷ್ಟ್ರು: ಆ ಕಾಗದದ ನಿಜವಾದ ವಿಷಯ ಸಾಲ. ಒಂದು ತಲೆಮಾರು ಮಾಡಿದ ಸಾಲವನ್ನು ಮುಂದಿನ ತಲೆಮಾರಿನ ತಲೆಗೆ ಕಟ್ಟಬಾರದು ಅಂತ ವಾದಿಸಿದ ಮನುಷ್ಯ ಬಿಟ್ಟುಹೋದ ಸಾಲಕ್ಕೆ ಅರ್ಸುಲಾಳ ಮಕ್ಕಳು ಹರಾಜಾದರು, ಅದನ್ನು ಪಕ್ಕಕ್ಕಿಡೋಣ. ತರ್ಕವನ್ನು ನಾನು ಪೂರ್ತಿ ಒಪ್ಪುತ್ತೇನೆ. ಸತ್ತವರಿಗೆ ಹಕ್ಕಿಲ್ಲ. ಹಾಗಿದ್ದರೆ 1831ರ ಕ್ರಯಪತ್ರದಲ್ಲಿ ಉಳಿಸಿಕೊಂಡ ಹಕ್ಕು ಯಾರದು? ಬದುಕಿದ್ದವರದು. ಹೋಗಿಬರುವ ಹಕ್ಕು, ತಮ್ಮ ಹೆಣವನ್ನೂ ಅಲ್ಲೇ ತಂದಿಡಬಹುದು ಅನ್ನುವ ಹಕ್ಕು, ಬೇಡದವರನ್ನು ಹೊರಗಿಡುವ ಹಕ್ಕು. ಸ್ಮಶಾನ ಅನ್ನುವುದು ಬದುಕಿರುವವರ ಸ್ವತ್ತು ಎಂದು ನೀವೇ ಒಪ್ಪಿದ ಮೇಲೆ, ಬದುಕಿರುವವರಲ್ಲಿ ಯಾರು ಅನ್ನುವ ಪ್ರಶ್ನೆ ತಪ್ಪಿಸಿಕೊಳ್ಳಲು ಆಗುವುದಿಲ್ಲ. 1913ರಲ್ಲಿ ಜೆಫರ್ಸನ್‌ನ ವಂಶಸ್ಥರು ಮಾಂಟಿಚೆಲ್ಲೊ ಅಸೋಸಿಯೇಷನ್ ಕಟ್ಟಿಕೊಂಡದ್ದು ಈ ಪ್ರಶ್ನೆಗೆ ಉತ್ತರವಾಗಿಯೇ. ಸ್ಮಶಾನದ ಒಡೆತನ ಇವತ್ತಿಗೂ ಅವರದು, ಮನೆ ಮತ್ತು ಗುಡ್ಡ ಪ್ರತಿಷ್ಠಾನದ್ದು. ಮಾರ್ತಾ, ಮರಾಯಾ ಎಂಬ ಇಬ್ಬರು ಹೆಣ್ಣುಮಕ್ಕಳಿಂದ ಇಳಿದುಬಂದವರಿಗೆ ಅಲ್ಲಿ ಜಾಗ ಉಂಟು. ಇದಕ್ಕೇ, ಆ ಗುಡ್ಡದಲ್ಲಿ ಗುಲಾಮಳಾಗಿದ್ದು ಜೆಫರ್ಸನ್‌ನಿಂದ ಮಕ್ಕಳನ್ನು ಪಡೆದಳು ಎನ್ನಲಾದ ಸ್ಯಾಲಿ ಹೆಮಿಂಗ್ಸ್‌ಳ ಸಂತತಿಯವರು ಬಂದು ಬಾಗಿಲು ತಟ್ಟಿದ್ದು.

ವಕೀಲರು: ಅಲ್ಲಿಗೇ ಬರುತ್ತೀರಿ ಅಂತ ಗೊತ್ತಿತ್ತು. ನೋಡಿ, ನಾನು ಅಸೋಸಿಯೇಷನ್ ಪರ ವಕಾಲತ್ತು ವಹಿಸಿದರೆ ಹೀಗೆ ವಾದಿಸುತ್ತೇನೆ. 1998ರಲ್ಲಿ ಪ್ರಕಟವಾದ ಡಿಎನ್‌ಎ ಪರೀಕ್ಷೆ ಸ್ಯಾಲಿಯ ಕಿರಿಯ ಮಗ ಎಸ್ಟನ್‌ನ ವಂಶಸ್ಥನಲ್ಲಿ ಜೆಫರ್ಸನ್ ಕುಲದ ವೈ ಕ್ರೋಮೊಸೋಮು ಇದೆ ಅಂದಿತು. ಅದು ಗಂಡುಸಂತಾನದ ಗುರುತು. ಕುಲವನ್ನು ಹೇಳುತ್ತದೆ, ತಂದೆಯ ಹೆಸರು ಹೇಳುವುದಿಲ್ಲ. ಥಾಮಸ್ ಜೆಫರ್ಸನ್‌ಗೆ ರ‍್ಯಾಂಡಾಲ್ಫ್ ಅನ್ನುವ ತಮ್ಮನಿದ್ದ, ತಮ್ಮನಿಗೆ ಗಂಡುಮಕ್ಕಳಿದ್ದರು. 2001ರಲ್ಲಿ ವಿದ್ವಾಂಸರ ಒಂದು ಆಯೋಗ ಥಾಮಸ್ಸನೇ ತಂದೆ ಅನ್ನುವುದನ್ನು ಒಪ್ಪಲು ನಿರಾಕರಿಸಿತು. ರುಜುವಾತಿನ ಹೊಣೆ ಹಕ್ಕು ಕೇಳುವವರ ಮೇಲೆ. ಖಾಸಗಿ ಸಂಘ, ಖಾಸಗಿ ಜಾಗ, 2002ರಲ್ಲಿ ಸದಸ್ಯರು ಮತ ಹಾಕಿ ಬೇಡ ಅಂದರು. ಕಾನೂನು ಮುಗಿಯಿತು.

ಮೇಷ್ಟ್ರು: ಕಾನೂನು ಮುಗಿದಿರಬಹುದು. ಡಿಎನ್‌ಎ ಒಂದರಿಂದಲೇ ತಂದೆ ಇಂಥವನೇ ಅನ್ನಲಾಗದು ಅನ್ನುವುದೂ ನಿಜ. ಆದರೆ ಅದು ಒಂಟಿ ಸಾಕ್ಷಿಯಲ್ಲ. ಸ್ಯಾಲಿಯ ಮಕ್ಕಳು ಹುಟ್ಟಿದ ವಿವರ ಯಾರ ಕೈಬರಹದಲ್ಲಿದೆ? ಜೆಫರ್ಸನ್‌ನದೇ. ಬೇಸಾಯದ ಪುಸ್ತಕದಲ್ಲಿ ಗುಲಾಮರ ಪಟ್ಟಿಯಲ್ಲಿ ಇದ್ದಾರೆ: 1798ರಲ್ಲಿ ಬೆವರ್ಲಿ, 1801ರಲ್ಲಿ ಹ್ಯಾರಿಯೆಟ್, 1805ರಲ್ಲಿ ಮ್ಯಾಡಿಸನ್, 1808ರಲ್ಲಿ ಎಸ್ಟನ್. ಊರೂರು ಅಲೆಯುವ ರಾಜಕಾರಣಿಯಾಗಿದ್ದ ಜೆಫರ್ಸನ್ ಅವಳ ಪ್ರತಿಯೊಂದು ಗರ್ಭಧಾರಣೆಯ ಹೊತ್ತಿಗೂ ಮಾಂಟಿಚೆಲ್ಲೊದಲ್ಲೇ ಇದ್ದ ಅನ್ನುವುದನ್ನು ಅವನ ಪ್ರಯಾಣದ ದಾಖಲೆಗಳೇ ತೋರಿಸುತ್ತವೆ. ಬೆವರ್ಲಿ, ಹ್ಯಾರಿಯೆಟ್ ಇಬ್ಬರನ್ನು ಸದ್ದಿಲ್ಲದೆ ಹೋಗಗೊಟ್ಟರು, ಮ್ಯಾಡಿಸನ್ ಮತ್ತು ಎಸ್ಟನ್‌ಗೆ ಉಯಿಲಿನಲ್ಲೇ ಬಿಡುಗಡೆ ಬರೆದ. ಒಬ್ಬ ತಾಯಿಯ ಬದುಕುಳಿದ ಮಕ್ಕಳೆಲ್ಲರಿಗೂ ಬಿಡುಗಡೆ ಸಿಕ್ಕ ಬೇರೆ ಉದಾಹರಣೆ ಆ ಎಸ್ಟೇಟಿನಲ್ಲಿ ಇಲ್ಲ. 1873ರಲ್ಲಿ ಒಹಾಯೊದ ಪತ್ರಿಕೆಯೊಂದಕ್ಕೆ ಮ್ಯಾಡಿಸನ್ ತನ್ನ ಕತೆಯನ್ನು ತಾನೇ ಹೇಳಿ, ತಂದೆಯ ಹೆಸರನ್ನೂ ಹೇಳಿದ. ಹಾಗಿದ್ದೂ ಕುಟುಂಬದವರು ಒಂದೂಕಾಲು ಶತಮಾನ ಬೆರಳು ತೋರಿಸಿದ್ದು ಡಾಬ್ನಿ ಕಾರ್‌ನ ಗಂಡುಮಕ್ಕಳ ಕಡೆಗೆ. 1998ರ ಪರೀಕ್ಷೆ ಮೊದಲು ಹೊಡೆದುಹಾಕಿದ್ದು ಆ ಕತೆಯನ್ನು. ತಮ್ಮ ರ‍್ಯಾಂಡಾಲ್ಫನ ಹೆಸರಿಗೆ ಬಲ ಬಂದದ್ದು ಅದಾದ ಮೇಲೆ. ಸಾಕ್ಷಿಯ ಒಂದು ಬಾಗಿಲು ಮುಚ್ಚಿದಾಗ ತೆರೆದುಕೊಂಡ ಇನ್ನೊಂದು ಬಾಗಿಲು ಅದು ಅಂತ ನನ್ನ ಅನಿಸಿಕೆ. ಪ್ರತಿಷ್ಠಾನ 2000ದಲ್ಲೇ ಥಾಮಸ್ಸನೇ ತಂದೆ ಇರುವ ಸಾಧ್ಯತೆ ಬಹಳ ಹೆಚ್ಚು ಎಂದು ವರದಿ ಕೊಟ್ಟಿತು, 2018ರಲ್ಲಿ ಇದು ಇತ್ಯರ್ಥವಾದ ವಿಷಯ ಅಂತ ಹೇಳಿಬಿಟ್ಟಿತು. ಇನ್ನು ರುಜುವಾತಿನ ಹೊಣೆ ಅಂದಿರಿ. ಮಗಳು ಮಾರ್ತಾಳಿಂದ ಇಳಿದುಬಂದವರಿಗೆ ಸದಸ್ಯತ್ವಕ್ಕೆ ವಂಶಾವಳಿ ಸಾಕು. ಅಂದರೆ ಕಾಗದ ಸಾಕು. ಇತ್ತ ಕಡೆಯವರಿಗೆ ಒಡೆಯನ ಕೈಬರಹದ ಪಟ್ಟಿ, ಉಯಿಲು, ಮಗನ ಹೇಳಿಕೆ, ವಿಜ್ಞಾನ ಇಷ್ಟೂ ಸೇರಿ ಸಾಲದು. ಎರಡು ತಕ್ಕಡಿ ಇಟ್ಟುಕೊಂಡಿದ್ದಾರೆ ಅನ್ನಿಸುವುದಿಲ್ಲವೇ?

ವಕೀಲರು: ತಕ್ಕಡಿ ಎರಡು ಇರಬಹುದು, ಆದರೆ ಜಾಗ ಒಂದೇ ಮೇಷ್ಟ್ರೇ. ಮೊದಲ ಅಳತೆಯಲ್ಲಿ ಆರು ಗುಂಟೆ; ಆಮೇಲೆ ಬೆಳೆದಿದೆ ಅಂದರೂ ಎಷ್ಟು ಬೆಳೆದೀತು? ಒಬ್ಬ ಮನುಷ್ಯನಿಂದ ಏಳೆಂಟು ತಲೆಮಾರಿಗೆ ಇಳಿದುಬರುವವರು ಸಾವಿರ ಲೆಕ್ಕದಲ್ಲಿ ಇರುತ್ತಾರೆ. ಯಾವ ಕುಟುಂಬವಾದರೂ ಎಲ್ಲೋ ಒಂದು ಕಡೆ ಗೆರೆ ಎಳೆಯಲೇಬೇಕು. ಗೆರೆ ಎಳೆದದ್ದಕ್ಕೇ ಅವರನ್ನು ದೂರುವುದು ನ್ಯಾಯವಲ್ಲ.

ಮೇಷ್ಟ್ರು: ಒಪ್ಪಿದೆ, ಪೂರ್ತಿ ಒಪ್ಪಿದೆ. ಆರಡಿ ಮೂರಡಿ ಯಾರಿಗೆ ಕೊಡಬೇಕು ಅನ್ನುವುದನ್ನು ಅವರೇ ತೀರ್ಮಾನಿಸಿಕೊಳ್ಳಲಿ, ಆ ವ್ಯಾಜ್ಯದಲ್ಲಿ ಇತಿಹಾಸದವನಿಗೆ ಕೆಲಸವಿಲ್ಲ. ನಾನು ಬೇಡ ಅನ್ನುವುದು ಒಂದೇ: ಸಂಘದ ಸದಸ್ಯತ್ವದ ನಿಯಮವನ್ನು ಸ್ಮಶಾನದ ಇತಿಹಾಸ ಅಂತ ಓದಿಸಬೇಡಿ. ಬೇಲಿಯೊಳಗೆ ಯಾರಿದ್ದಾರೆ ಅನ್ನುವುದು ನಿಯಮ ಹೇಳುತ್ತದೆ. ಬೇಲಿ ಏಕೆ ಅಲ್ಲಿಗೇ ನಿಂತಿತು ಅನ್ನುವುದನ್ನು ಅದು ಹೇಳಲಾರದು. ಅದಕ್ಕೆ ಹೆಂಡತಿ ಮಾರ್ತಾಳ ಗೋರಿಯನ್ನೇ ನೋಡಿ. ಸ್ಯಾಲಿ ಹೆಮಿಂಗ್ಸ್ ಅವಳ ಮಲತಂಗಿ. ಇಬ್ಬರಿಗೂ ಜಾನ್ ವೇಲ್ಸ್ ತಂದೆ ಅನ್ನುವುದನ್ನು ಇತಿಹಾಸಕಾರರು ಸಾಮಾನ್ಯವಾಗಿ ಒಪ್ಪುತ್ತಾರೆ. ಅಕ್ಕನ ಗೋರಿ ಎಲ್ಲಿದೆ ಅಂತ ಲಕ್ಷಾಂತರ ಪ್ರವಾಸಿಗರಿಗೆ ಗೊತ್ತು. 1835ರಲ್ಲಿ ತೀರಿಕೊಂಡ ತಂಗಿಯನ್ನು ಎಲ್ಲಿ ಹೂಳಿದರು ಅನ್ನುವುದು ಯಾರಿಗೂ ಗೊತ್ತಿಲ್ಲ.

ವಕೀಲರು: ಗೊತ್ತಿಲ್ಲದ್ದರ ಮೇಲೆ ಇತಿಹಾಸ ಕಟ್ಟುವುದು ಹೇಗೆ? ಇಲ್ಲದ ಕಲ್ಲು, ಇಲ್ಲದ ಕಾಗದ ಇವೆರಡನ್ನೂ ಸಾಕ್ಷಿ ಅಂತ ಕರೆಯಲು ಬರುವುದಿಲ್ಲ. ನಮ್ಮಲ್ಲಿ ಅದನ್ನು ಊಹೆ ಅನ್ನುತ್ತೇವೆ.

ಮೇಷ್ಟ್ರು: ಕಲ್ಲು, ಕಾಗದ ಎರಡೂ ಇಲ್ಲದಾಗ ಮಣ್ಣು ಸಾಕ್ಷಿ ಹೇಳುತ್ತದೆ, ಅದೂ ಬಲವಾದ ಸಾಕ್ಷಿ. ಒಮ್ಮೆ ಆಳವಾಗಿ ತೋಡಿ ಮತ್ತೆ ಮುಚ್ಚಿದ ಗುಂಡಿಯಲ್ಲಿ ಮಣ್ಣಿನ ಪದರಗಳು ಮೊದಲಿನಂತೆ ಕೂರುವುದಿಲ್ಲ. ಅಡಿಯ ಜೇಡಿ, ಮೇಲಿನ ಕಪ್ಪು ಮಣ್ಣು ಕಲಸಿಹೋಗಿರುತ್ತವೆ. ಇನ್ನೂರು ವರ್ಷ ಆದರೂ ಆ ಬೆರಕೆ ಹಾಗೇ ಇರುತ್ತದೆ. ಮೇಲ್ಮಣ್ಣನ್ನು ತೆಳ್ಳಗೆ ಹೆರೆದರೆ ಕೆಂಪು ನೆಲದ ಮೇಲೆ ಬೇರೆ ಬಣ್ಣದ ಆಯತಗಳು ಎದ್ದು ಕಾಣುತ್ತವೆ, ಉದ್ದ ಅಳೆದರೆ ದೊಡ್ಡವರ ಗುಂಡಿಯೋ ಮಕ್ಕಳ ಗುಂಡಿಯೋ ಗೊತ್ತಾಗುತ್ತದೆ. ಮಾಂಟಿಚೆಲ್ಲೊದ ಪುರಾತತ್ವಜ್ಞರು 2000-01ರಲ್ಲಿ ಮಾಡಿದ್ದು ಇದನ್ನೇ. ಜೆಫರ್ಸನ್ ಸ್ಮಶಾನದ ಕೆಳಗೆ, ಪ್ರವಾಸಿಗರು ಕಾರು ನಿಲ್ಲಿಸುವ ಜಾಗದ ಪಕ್ಕದಲ್ಲೇ ಇದ್ದ ಮರಗಳ ಗುಂಪಿನಲ್ಲಿ ನಲವತ್ತಕ್ಕೂ ಹೆಚ್ಚು ಸಮಾಧಿಗಳ ಗುರುತು ಸಿಕ್ಕಿತು. ಗುರುತು ಖಚಿತವಾದೊಡನೆ ಅಗೆತ ನಿಲ್ಲಿಸಿದರು, ಅಸ್ಥಿಯನ್ನು ಮುಟ್ಟಲಿಲ್ಲ. 2001ರ ಅಕ್ಟೋಬರಿನಲ್ಲಿ ಅಲ್ಲೊಂದು ಸ್ಮರಣೆಯ ಕಾರ್ಯಕ್ರಮವೂ ನಡೆಯಿತು. ಇಷ್ಟು ವರ್ಷ ಲಕ್ಷಗಟ್ಟಲೆ ಜನ ಆ ಗುಡ್ಡ ಹತ್ತಿ ಕಂಬ ನೋಡಿ ಬಂದಿದ್ದಾರೆ, ಕಾರು ಬಿಟ್ಟದ್ದು ಈ ಗೋರಿಗಳ ಪಕ್ಕದಲ್ಲಿ! ಇದು ಊಹೆಯೇ?

ವಕೀಲರು: ಅಲ್ಲ, ಇದು ಸಾಕ್ಷಿಯೇ. ಆದರೆ ಇದನ್ನು ಕೇಳಿದ ಮೇಲೆ ಕಾನೂನಿನ ಪರವಾಗಿ ಒಂದು ಮಾತು ಹೇಳಲೇಬೇಕು. ಖಾಸಗಿ ಜಮೀನಿನೊಳಗೆ ಸ್ಮಶಾನವಿದ್ದರೆ ಅಲ್ಲಿ ಹೂತವರ ವಂಶಸ್ಥರಿಗೆ ಹೋಗಿಬರಲು ಜಮೀನಿನ ಒಡೆಯ ಅವಕಾಶ ಕೊಡಬೇಕು ಅಂತ ವರ್ಜೀನಿಯಾದ ಕಾಯಿದೆಯೇ ಇದೆ. ಅದು ಬಿಳಿಯರ ಗೋರಿ, ಕರಿಯರ ಗೋರಿ ಅಂತ ಭೇದ ಮಾಡುವುದಿಲ್ಲ. ಜಾರ್ಜ್ ವಾಷಿಂಗ್ಟನ್‌ನ ಮೌಂಟ್ ವರ್ನನ್‌ನಲ್ಲಿ ಗುಲಾಮರ ಸ್ಮಶಾನಕ್ಕೆ ಒಂದು ಫಲಕ 1929ರಲ್ಲೇ ಬಂತು. ಅಂದಮೇಲೆ ಕಾಗದ ಒಂದೇ ಕಡೆಯವರದು ಅನ್ನುವ ಮಾತು ಈಗ ಹಳೆಯದಾಯಿತು.

ಮೇಷ್ಟ್ರು: ಆ ರಾಜ್ಯ ಒಕ್ಕೂಟದಿಂದ ಸಿಡಿದುಹೋಗಿ ಕಾದಾಡಿದ ದಕ್ಷಿಣದ ಸೈನಿಕರ ಗೋರಿಗಳ ನಿಗಾಕ್ಕೆ ದಶಕಗಟ್ಟಲೆ ಖಜಾನೆಯಿಂದ ಹಣ ಕೊಡುತ್ತ ಬಂದಿತ್ತು, ಕರಿಯರ ಹಳೆಯ ಸ್ಮಶಾನಗಳಿಗೆ ಅಂಥದೇ ನೆರವಿನ ಕಾಯಿದೆ ಆದದ್ದು 2017ರಲ್ಲಿ. ಇರಲಿ, ಆಯಿತಲ್ಲ. ಹೋಗಿಬರುವ ಹಕ್ಕಿನ ಕಾಯಿದೆ ಒಳ್ಳೆಯದೇ. ಅದು ಕೆಲಸ ಮಾಡಬೇಕಾದರೆ ತನ್ನ ಅಜ್ಜನ ಅಜ್ಜಿ ಇಂಥ ಗುಡ್ಡದಲ್ಲಿ ಮಲಗಿದ್ದಾಳೆ ಅಂತ ತಿಳಿದಿರುವ ಒಬ್ಬ ಮನುಷ್ಯ ಬೇಕು. 1827ರ ಹರಾಜು ಕಿತ್ತುಹಾಕಿದ್ದು ಇದನ್ನು. ಗೋರಿಗೆ ಹೂವು ಇಡಬೇಕಾದವರನ್ನೇ ಒಬ್ಬೊಬ್ಬರನ್ನಾಗಿ ಬೇರೆಬೇರೆ ಕೊಳ್ಳುವವರಿಗೆ ಮಾರಿಬಿಟ್ಟರೆ, ಆ ಗೋರಿಯನ್ನು ಬೇರೆ ಯಾರೂ ಅಳಿಸಬೇಕಾಗಿಲ್ಲ. ಎರಡು ಮಳೆಗಾಲಕ್ಕೆ ತಾನೇ ಹುಲ್ಲಾಗುತ್ತದೆ. ಹಾಗಾಗಿ ಜೆಫರ್ಸನ್ ಸ್ಮಶಾನ ಉಳಿದದ್ದೂ ಗುಲಾಮರ ಸ್ಮಶಾನ ಮರೆಯಾದದ್ದೂ ಬೇರೆಬೇರೆ ಕತೆಗಳಲ್ಲ. ಒಂದೇ ಸಾಲಕ್ಕೆ ಮನುಷ್ಯರು ಹರಾಜಾದರು, ಮನೆ ಮಾರಾಟವಾಯಿತು. ಆ ಮಾರಾಟದಲ್ಲಿ ಆರು ಗುಂಟೆ ಮಾತ್ರ ಹೊರತಾಯಿತು.

ವಕೀಲರು: ಆ 1831ರ ಪತ್ರ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದ್ದರೆ ಎರಡು ಷೆಡ್ಯೂಲು ಹಾಕಿ ಎರಡು ಚಕ್ಕುಬಂದಿ ಬರೆಯಬಹುದಿತ್ತು ಅನ್ನಿ. ಬರೆಸುವ ಕಕ್ಷಿದಾರ ಬೇಕಿತ್ತು, ಅಷ್ಟೆ. ಈಗಲಾದರೂ ಆ ಎರಡನೆಯದಕ್ಕೆ ಕೇಳುವವರು ಇದ್ದಾರೆಯೇ?

ಮೇಷ್ಟ್ರು: ಇದ್ದಾರೆ, ಅವರನ್ನು ಹುಡುಕಬೇಕಾಯಿತು. 1993ರಿಂದ ಪ್ರತಿಷ್ಠಾನದ ಒಂದು ಯೋಜನೆ ಆ ಗುಡ್ಡದಲ್ಲಿ ದುಡಿದವರ ಸಂತತಿಯನ್ನು ಅರಸಿಕೊಂಡು ಹೋಗಿ, ಅವರ ಮನೆಗಳಲ್ಲಿ ಬಾಯಿಂದ ಬಾಯಿಗೆ ಬಂದದ್ದನ್ನು ಬರೆದಿಟ್ಟುಕೊಳ್ಳುತ್ತಿದೆ. ಜೆಫರ್ಸನ್‌ನ ಬೇಸಾಯದ ಪುಸ್ತಕದಲ್ಲಿ ಹೆಸರಿದೆ, ಇವರ ಬಾಯಲ್ಲಿ ನೆನಪಿದೆ. ಎರಡನ್ನೂ ಎದುರುಬದುರು ಇಟ್ಟು ನೋಡಿದಾಗ ಎಷ್ಟೋ ಕುಟುಂಬಗಳ ಕೊಂಡಿ ಕೂಡಿಕೊಂಡಿದೆ. ಆದರೆ ಈ ನಲವತ್ತು ಚಿಲ್ಲರೆ ಗುಂಡಿಗಳಲ್ಲಿ ಯಾವುದರಲ್ಲಿ ಯಾರು ಅನ್ನುವುದು ಯಾವ ಪುಸ್ತಕದಲ್ಲೂ ಇಲ್ಲ. ನಾನೂರು ಮಂದಿಯಲ್ಲಿ ಮಾರಾಟವಾಗಿ ಹೋದವರನ್ನು, ಬಿಡುಗಡೆಯಾಗಿ ಹೋದವರನ್ನು ಕಳೆದರೂ ಈ ಲೆಕ್ಕ ತಾಳೆಯಾಗುವುದಿಲ್ಲ. ಗುಡ್ಡದಲ್ಲಿ ಇನ್ನೂ ಬೇರೆ ಕಡೆ ಹೂಳಿರಬೇಕು, ಅದನ್ನು ಹುಡುಕಬೇಕು.